ಏನಿಲ್ಲ ಬಿಡ್ರಿ

ಜಗಳೂರು

ಮನೋವೈದ್ಯಶಾಸ್ತ್ರದ ಎಂ.ಡಿ.ಗೆ ಸೇರಿರುವ ತಂಗೀ,

ಗುರುವಾರ ಗುಂಪು ಸೂಪರ್‌ವಿಷನ್ ಅಂದರೆ ಬುಧವಾರ ರಾತ್ರಿಯೇ ಹೊಟ್ಟೆ ತೊಳಸುತ್ತದೆ ಅಂದೆಯಲ್ಲ, ಅದಕ್ಕೇ ಈ ಕಾಗದ. ನಿನ್ನಂಥ ಇನ್ನೂ ನಾಲ್ಕು ಜನ ಓದಲಿ ಅಂತ ಪತ್ರಿಕೆಗೇ ಕೊಟ್ಟಿದ್ದೇನೆ. ನಿನ್ನ ಹೆಸರು ಹಾಕಿಲ್ಲ.

ಸೂಪರ್‌ವಿಷನ್, ಅಂದರೆ ಮೇಲ್ವಿಚಾರಣೆ ಅನ್ನೋ ಮಾತು ಕೇಳಿದರೆ ಹಾಸ್ಟೆಲ್ ವಾರ್ಡನ್ ನೆನಪಾಗುತ್ತಾನೆ, ಹೆದರಿಕೆಗೆ ಅದೂ ಒಂದು ಕಾರಣ ಇರಬೇಕು. ಆದರೆ ಸೂಪರ್‌ವಿಷನ್ನಿನಲ್ಲಿ ನಡೆಯುವುದೇ ಬೇರೆ. ವಾರ್ಡ್ ರೌಂಡ್ಸಿನಲ್ಲಿ ರೋಗಿಗೆ ಏನಾಗಿದೆ ಅಂತ ಕೇಳುತ್ತಾರೆ. ಇಲ್ಲಿ ರೋಗಿಯ ಎದುರು ಕೂತಾಗ ನಿನಗೆ ಏನಾಯಿತು ಅಂತ ಕೇಳುತ್ತಾರೆ. ಇದು ತಿಳಿಯದೆ ನಾನು ಒಂದು ವರ್ಷ ಹಾಳುಮಾಡಿಕೊಂಡೆ.

ಆಗ ನನ್ನ ಬಳಿ ವಾರ ವಾರ ಬರುತ್ತಿದ್ದ ಹೆಂಗಸೊಬ್ಬಳು ಏನು ಕೇಳಿದರೂ ‘ಏನಿಲ್ಲ ಬಿಡ್ರಿ’ ಅನ್ನುತ್ತಿದ್ದಳು. (ಗುರುತು ಹತ್ತಬಾರದೆಂದು ಎರಡು ಮೂರು ಜನರನ್ನು ಕಲೆಸಿ ಹೇಳುತ್ತಿದ್ದೇನೆ.) ಅವಳ ವಿಷಯ ಚೆಂದದ ಇಂಗ್ಲಿಷಿನಲ್ಲಿ ಬರೆದುಕೊಂಡು ಹೋಗಿ ಗುಂಪಿನಲ್ಲಿ ಓದಿದೆ. ಒಬ್ಬ ಆಕಳಿಸಿದ, ಇನ್ನೊಬ್ಬ ಗಡಿಯಾರ ನೋಡಿದ. ಕೊನೆಗೆ ಗುಂಪು ನಡೆಸುವ ಮೇಷ್ಟ್ರು, ‘ನಿನಗೇನನ್ನಿಸಿತಪ್ಪಾ?’ ಅಂದರು. ‘ಏನಿಲ್ಲ ಸಾರ್’ ಅಂದೆ. ಎಲ್ಲರೂ ನಕ್ಕುಬಿಟ್ಟರು. ಯಾಕೆ ನಕ್ಕರೆಂದು ಹೊಳೆಯಲು ನನಗೆ ಹೊತ್ತು ಹಿಡಿಯಿತು. ಅವಳು ನನಗೆ ಹಾಕಿದ್ದ ಕದವನ್ನೇ ನಾನು ಗುಂಪಿಗೆ ಹಾಕಿದ್ದೆ! ಆಮೇಲೆ ಬಾಯಿಬಿಟ್ಟೆ: ಅವಳ ಮೇಲೆ ಸಿಟ್ಟು ಬಂದು ಹತ್ತು ನಿಮಿಷ ಮೊದಲೇ ಎಬ್ಬಿಸಿ ಕಳಿಸಿದ್ದೆ. ಬರೆದುಕೊಂಡು ಹೋದ ಮೂರು ಪುಟದಲ್ಲಿ ಆ ಸಂಗತಿ ಒಂದೇ ಇರಲಿಲ್ಲ.

ರೋಗಿ ಮತ್ತು ಚಿಕಿತ್ಸಕರ ನಡುವೆ ನಡೆದದ್ದು ಸೂಪರ್‌ವಿಷನ್ ಕೋಣೆಯಲ್ಲೂ ನೆರಳಾಡುತ್ತದೆ ಅಂತ ಅಮೆರಿಕದ ಹೆರಾಲ್ಡ್ ಸರ್ಲ್ಸ್ 1955ರಲ್ಲೇ ಬರೆದಿದ್ದರು. ಅದೇ ದಶಕದಲ್ಲಿ ಲಂಡನ್ನಿನ ಟಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಮೈಕೇಲ್ ಬಾಲಿಂಟ್ ಸಾಮಾನ್ಯ ವೈದ್ಯರನ್ನು ಗುಂಪಾಗಿ ಕೂರಿಸಿಕೊಂಡು, ಕಾಗದ ನೋಡದೆ ಹೇಳಿ ಅನ್ನುತ್ತಿದ್ದರು. ಮರೆತದ್ದು ಯಾವುದು, ನಾಲಿಗೆ ತೊದಲಿದ್ದು ಎಲ್ಲಿ, ಅದರಲ್ಲೇ ಅವರಿಗೆ ಕೆಲಸ ಸಿಗುತ್ತಿತ್ತು. ನೀನೂ ಫೈಲು ಮುಚ್ಚಿಟ್ಟು ಹೇಳು.

ಹೇಳುವಾಗ ರೋಗಿಯ ಮಾತನ್ನು ರೋಗಿಯ ಕನ್ನಡದಲ್ಲೇ ಹೇಳು. ‘ಎದಿಯಾಗ ಕಲ್ಲು ಇಟ್ಟಂಗಾಗೇತಿ’ ಅಂದವನನ್ನು ‘ಡಿಪ್ರೆಸ್ಡ್ ಮೂಡ್’ ಅಂತ ಬರೆದರೆ ಪರೀಕ್ಷೆಗೆ ಸರಿ. ಗುಂಪಿಗೆ ಬೇಕಾದದ್ದು ಆ ಕಲ್ಲು. ಯಾರಿಟ್ಟರು, ಯಾವಾಗಿನಿಂದ, ಅದನ್ನು ಕೇಳಿದಾಗ ನಿನ್ನ ಎದೆಗೆ ಏನಾಯಿತು? ಮನಸ್ಸಿನ ವಿಚಾರ ಕನ್ನಡಕ್ಕೆ ಒಗ್ಗುವುದಿಲ್ಲ ಅನ್ನುವವರಿಗೆ, ‘ರಾಶಿ’ ಅಂತ ನಗೆಬರಹ ಬರೆಯುತ್ತಿದ್ದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದನ್ನು ನೆನಪಿಸು.

ಸೀನಿಯರುಗಳು ನಿನ್ನ ತಪ್ಪು ಹುಡುಕುತ್ತಾರೆ ಅನ್ನುವುದು ಅರ್ಧ ನಿಜ, ಕೆಲವರಿಗೆ ಉಪದೇಶದ ಚಟ. ಅದನ್ನು ತಡೆಯುವುದು ಮೇಷ್ಟ್ರ ಕೆಲಸ, ನಿನ್ನದಲ್ಲ.

ಇನ್ನೊಂದು ಮಾತು ಗದರಿಯೇ ಹೇಳಬೇಕಾಗಿದೆ. ಹೋದ ವಾರ ಫೋನಿನಲ್ಲಿ ನಿನ್ನ ರೋಗಿಯ ಹೆಸರು ಹೇಳಲಿಲ್ಲ, ಒಪ್ಪಿದೆ. ಆದರೆ ಅವರ ಬಗ್ಗೆ ಎರಡು ಗುರುತು ಹೇಳಿದೆ. ಯಾವ ಮನೆ ಅಂತ ನನಗೆ ತಕ್ಷಣ ಗೊತ್ತಾಯಿತು. ನಮ್ಮದು ಎಷ್ಟು ದೊಡ್ಡ ತಾಲ್ಲೂಕು? ಬಿಳಿಚೋಡಿನ ಸುದ್ದಿ ಸೊಕ್ಕೆಗೆ ಮುಟ್ಟಲು ಒಂದು ಸಂತೆ ಸಾಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ರೋಗಿಯ ಗುಟ್ಟನ್ನು ಹಕ್ಕು ಅಂತಲೇ ಕರೆದಿದೆ. ಗುಂಪಿನಲ್ಲೂ ಊರು, ಜಾತಿ, ಕಸುಬು ಮರೆಮಾಚಿ ಹೇಳು. ಕೂತವರಲ್ಲಿ ಯಾರಿಗಾದರೂ ಆ ಮನೆಯ ನೆಂಟಸ್ತಿಕೆ ಇದ್ದರೆ ಅವರು ಎದ್ದು ಹೊರಗೆ ಹೋಗಲಿ.

ಆ ರೋಗಿ ಮಾತಾಡುವಾಗ ನಿನಗೇ ಕಣ್ಣಲ್ಲಿ ನೀರು ಬಂತು, ಗುಂಪಿನಲ್ಲಿ ಇದನ್ನು ಹೇಳಲೋ ಬೇಡವೋ ಅಂತ ಕೇಳಿದ್ದೆಯಲ್ಲ. ಈ ಗುರುವಾರ ಅದನ್ನೇ ಮೊದಲು ಹೇಳು. ಶೇಂಗಾ ಕೀಳುವ ಹೊತ್ತಿಗೆ ಊರಿಗೆ ಬಂದರೆ ಮನೆ ಕಡೆ ಬಾ, ಹಸಿ ಕಾಯಿ ಬೇಯಿಸೋಣ.

ನಿನ್ನ ಅಣ್ಣ