ಬಾನಿನಿಂದ ಬಿದ್ದ ಕಲ್ಲು

ರಾತ್ರಿ ಆಕಾಶದಲ್ಲಿ ಬೆಂಕಿಯ ಗೆರೆ ಎಳೆದ ಹಾಗೆ ಏನೋ ಹಾದು ಹೋಗುತ್ತದೆ. "ನಕ್ಷತ್ರ ಬಿತ್ತು" ಅನ್ನುತ್ತೇವೆ ನಾವು. ಅದು ನಕ್ಷತ್ರ ಅಲ್ಲ. ಬಾನಿನಲ್ಲಿ ಸುತ್ತುವ ಕಲ್ಲಿನ ಚೂರು. ಹೆಚ್ಚಿನವು ದಾರಿಯಲ್ಲೇ ಉರಿದು ಹೋಗುತ್ತವೆ. ಅಪರೂಪಕ್ಕೆ ಒಂದು ನೆಲ ಮುಟ್ಟುತ್ತದೆ. ಅದೇ ಉಲ್ಕಾಶಿಲೆ.

1866ರಲ್ಲಿ ನಮ್ಮ ಉಡುಪಿ ಸೀಮೆಯಲ್ಲೂ ಒಂದು ಉಲ್ಕಾಶಿಲೆ ಬಿತ್ತು. ಬಿದ್ದ ಊರಿನ ಹೆಸರನ್ನೇ ಕಲ್ಲಿಗೆ ಇಡುವುದು ವಾಡಿಕೆ. ಲೋಕದ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಇಂದಿಗೂ 'ಉಡಿಪಿ' ಎಂಬ ಹೆಸರು ಇದೆ.

ಕಲ್ಲು ನಮ್ಮಲ್ಲೂ ಬೇಕಾದಷ್ಟು ಇದೆಯಲ್ಲ? ಇದರಲ್ಲಿ ಏನು ವಿಶೇಷ?

ಭೂಮಿಯ ಕಲ್ಲು ಇದ್ದ ಹಾಗೆ ಇರುವುದಿಲ್ಲ. ಕಾಪುವಿನ ಬಂಡೆಯನ್ನು ಕಡಲು ಸವೆಸುತ್ತದೆ. ಕಾರ್ಕಳದ ಬಂಡೆ ನೆಲದೊಳಗಿನ ಬಿಸಿಗೆ ಬದಲಾದದ್ದು. ಆದರೆ ಕೆಲವು ಉಲ್ಕಾಶಿಲೆಗಳು ಹುಟ್ಟಿದ ಮೇಲೆ ಕರಗಿಯೇ ಇಲ್ಲ. ಅವುಗಳ ವಯಸ್ಸು ಸುಮಾರು 450 ಕೋಟಿ ವರ್ಷ. ಸೂರ್ಯ, ಭೂಮಿ ಹುಟ್ಟಿದ ಕಾಲದ ಕಲ್ಲುಗಳು ಅವು.

ಅವುಗಳಲ್ಲೂ ಇಂಗಾಲ ಇರುವ ಕಪ್ಪು ಕಲ್ಲು ಬಹಳ ಅಪರೂಪ. ನಮ್ಮ ಒಲೆಯ ಮಸಿಯಲ್ಲಿ ಇರುವುದೂ ಇಂಗಾಲವೇ. ಇಂಥ ಒಂದು ಕಲ್ಲು 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿತ್ತು. ಅದರಲ್ಲಿ ಅಮೈನೋ ಆಮ್ಲಗಳು ಸಿಕ್ಕಿದವು. ಬೇಳೆಯಲ್ಲಿ, ಮೀನಿನಲ್ಲಿ ಇರುವ ಪ್ರೋಟೀನ್ ಆಗುವುದು ಇವುಗಳಿಂದಲೇ. ಜೀವಕ್ಕೆ ಬೇಕಾದ ಸಾಮಾನು ಬಾನಿನಲ್ಲೂ ಇದೆ ಎಂದು ಆಗ ತಿಳಿಯಿತು. ಇದೇ ಜಾತಿಯ ಕಲ್ಲು 2017ರ ಜೂನ್ 6ರಂದು ರಾಜಸ್ಥಾನದ ಮುಕುಂದಪುರದಲ್ಲಿ ಬಿತ್ತು.

ನಮ್ಮ ಗದ್ದೆಯಲ್ಲಿ ಬಿದ್ದರೆ? ಮೊದಲು ಗುರುತು ಹಿಡಿಯೋಣ. ಹೊಸದಾಗಿ ಬಿದ್ದ ಕಲ್ಲಿಗೆ ಸುಟ್ಟ ಹಾಗೆ ತೆಳುವಾದ ಕಪ್ಪು ಸಿಪ್ಪೆ ಇರುತ್ತದೆ. ಮಣಿಪಾಲದ ಗುಡ್ಡದ ಮುರಕಲ್ಲಿನ ಹಾಗೆ ಮೈತುಂಬ ತೂತು ಇರುವುದಿಲ್ಲ.

ನೀರೆರೆದು ಅರಸಿನ, ಕುಂಕುಮ ಹಚ್ಚೋಣ ಅನಿಸಬಹುದು. ಸ್ವಲ್ಪ ತಡೆಯಿರಿ ಅಕ್ಕಾ. ನೀರು, ಎಣ್ಣೆ, ಕೈಯ ಬೆವರು ತಾಗಿದರೆ ಕಲ್ಲು ಕೆಡುತ್ತದೆ. ಯಾವುದು ಬಾನಿನದು, ಯಾವುದು ನಮ್ಮ ಕೈಯದು ಎಂದು ಆಮೇಲೆ ಹೇಳುವುದು ಕಷ್ಟ. ಬರಿಗೈಯಲ್ಲಿ ಮುಟ್ಟದೆ, ಶುಭ್ರವಾದ ಒಣ ಚೀಲದಲ್ಲಿ ಇಡೋಣ. ಮಳೆ ಬರುವ ಮೊದಲೇ ಎತ್ತಿಡೋಣ. ಒಡೆದು ಹಂಚುವುದು ಬೇಡ.

ಬಿದ್ದ ದಿನ, ಹೊತ್ತು, ಜಾಗ ಒಂದು ಚೀಟಿಯಲ್ಲಿ ಬರೆಯೋಣ. ಪಂಚಾಯತಿಗೋ, ತಹಶೀಲ್ದಾರರಿಗೋ ಕೊಡೋಣ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ತಿಳಿಸಲು ಹೇಳೋಣ. ಆ ಚೀಟಿ ಇಲ್ಲದಿದ್ದರೆ ಕಲ್ಲಿನ ಅರ್ಧ ಕಥೆ ಕಳೆದುಹೋದ ಹಾಗೆ. ಬರೆಯಲು ಈಗ ನಮಗೆ ಬರುತ್ತದೆ.

ಓದಿ, ಬರೆಯಿರಿ: ಉಲ್ಕಾಶಿಲೆ, ಇಂಗಾಲ, ಮುರಕಲ್ಲು.

ಮಾತಾಡೋಣ:
1. ಉಡುಪಿಯಲ್ಲಿ ಉಲ್ಕಾಶಿಲೆ ಬಿದ್ದದ್ದು ಯಾವ ವರ್ಷ?
2. ಬಾನಿನಿಂದ ಬಿದ್ದ ಕಲ್ಲನ್ನು ಏಕೆ ತೊಳೆಯಬಾರದು?
3. ಚೀಟಿಯಲ್ಲಿ ಏನೇನು ಬರೆಯಬೇಕು?