ಬರೆಯುವ ವಯಸ್ಸು ಯಾವುದು?



*ಇಂದಿನ ಧಮ್ಮ ಚಿಂತನೆ*

ಭಾನುವಾರ ಗೌರಸಮುದ್ರದಲ್ಲಿ ಅಧ್ಯಯನ ಮುಗಿದ ಮೇಲೆ ಹಿರಿಯ ತಾಯಿಯೊಬ್ಬರಿಗೆ, "ದೊಡ್ಡಮ್ಮ, ಶೇಂಗಾ ಕೀಳುವಾಗ ನೀವು ಕಟ್ಟಿ ಹಾಡುತ್ತಿದ್ದ ಪದಗಳನ್ನು ಹೇಳಿ, ಬರೆದುಕೊಳ್ಳುತ್ತೇನೆ" ಎಂದೆ. "ಅರವತ್ತು ದಾಟೈತೆ ಮೇಷ್ಟ್ರೇ, ಇನ್ನೆಂಥ ಪದ" ಅಂದರು. ಪಕ್ಕದಲ್ಲಿದ್ದ ಪಿಯುಸಿ ಹುಡುಗ ತನ್ನ ಕವಿತೆಯ ನೋಟ್‌ಬುಕ್ ಮುಚ್ಚಿಕೊಂಡ. "ನಾನಿನ್ನೂ ಚಿಕ್ಕೋನು ಸಾರ್" ಅಂದ. ಒಬ್ಬರಿಗೆ ಹೊತ್ತು ಮೀರಿದೆ, ಇನ್ನೊಬ್ಬನಿಗೆ ಹೊತ್ತು ಬಂದಿಲ್ಲ. ಹಾಗಾದರೆ ನಮ್ಮ ಜನ ಬರೆಯುವುದು ಯಾವಾಗ?

ಸಿದ್ದಲಿಂಗಯ್ಯನವರು ಹುಟ್ಟಿದ್ದು 1954ರಲ್ಲಿ, 'ಹೊಲೆಮಾದಿಗರ ಹಾಡು' ಬಂದದ್ದು 1975ರಲ್ಲಿ. ಇಪ್ಪತ್ತೊಂದರ ಆ ಸಿಟ್ಟು 'ಇನ್ನೂ ಚಿಕ್ಕವನು' ಎಂದು ಕಾದಿದ್ದರೆ ಆರಿಹೋಗುತ್ತಿತ್ತು. ಅದೇ ಹಸಿವು, ಅದೇ ಅವಮಾನ ಅವರಿಗೆ ನಲವತ್ತು ದಾಟಿದ ಮೇಲೆ 'ಊರುಕೇರಿ' ಆತ್ಮಕಥೆಯಲ್ಲಿ ನಗೆಯ ರೂಪದಲ್ಲಿ ಬಂತು. ನೋವು ಹಳೆಯದೇ, ನೋಡುವ ಕಣ್ಣು ಮಾಗಿತ್ತು. ಎರಡೂ ಪುಸ್ತಕ ನಮಗೆ ಬೇಕು.

ಬಾಬಾಸಾಹೇಬರನ್ನೇ ನೋಡಿ. 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾತಿಯ ಹುಟ್ಟಿನ ಬಗ್ಗೆ ಪ್ರಬಂಧ ಓದಿದಾಗ ಅವರಿಗೆ 25 ವರ್ಷ. 'ಬುದ್ಧ ಮತ್ತು ಆತನ ಧಮ್ಮ' ಬರೆದದ್ದು ಕಾಯಿಲೆಯಿಂದ ದೇಹ ಕುಗ್ಗಿದ್ದ ಕೊನೆಯ ವರ್ಷಗಳಲ್ಲಿ. ಅದು ಅಚ್ಚಾಗಿದ್ದು 1957ರಲ್ಲಿ, ಅವರ ಪರಿನಿಬ್ಬಾಣದ ನಂತರ. ಹರೆಯದಲ್ಲಿ ಪ್ರಶ್ನೆ ಎತ್ತಿದರು, ಇಳಿವಯಸ್ಸಿನಲ್ಲಿ ದಾರಿ ಕೊಟ್ಟರು. ನಡುವೆ ನಲವತ್ತು ವರ್ಷದ ದುಡಿಮೆ ಇತ್ತು.

ಆ ದುಡಿಮೆಯೇ ಮುಖ್ಯ. ತಲೆ ನೆರೆತ ಮಾತ್ರಕ್ಕೆ ಯಾರೂ ಥೇರರಾಗುವುದಿಲ್ಲ ಎಂದು ಧಮ್ಮಪದ ಎಚ್ಚರಿಸುತ್ತದೆ. ನನ್ನನ್ನೇ ಹೇಳಿಕೊಳ್ಳುವುದಾದರೆ, ಎಂ.ಎ. ಓದುವಾಗ ಪದ್ಯ ಬರೆಯುತ್ತಿದ್ದೆ. ಕೆಲಸ ಸಿಕ್ಕ ಮೇಲೆ 'ಆಮೇಲೆ ಬರೆದರಾಯಿತು' ಎಂದುಕೊಂಡೆ. ವಯಸ್ಸು ಬಂತು, ಪದ್ಯ ಬರಲಿಲ್ಲ. ಸಮ್ಮಾ ವಾಯಾಮ ಬಿಟ್ಟವನಿಗೆ ವರ್ಷಗಳು ಏನನ್ನೂ ಕೂಡಿಸಿಕೊಡುವುದಿಲ್ಲ.

ನಮ್ಮದೇ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಆದರೂ ಸಾವಿರಾರು ಪದಗಳನ್ನು ಮುಪ್ಪಿನವರೆಗೂ ನಾಲಿಗೆಯ ಮೇಲೆ ಕಾಪಾಡಿದರು. ಕೇಳಿ ಬರೆದುಕೊಳ್ಳುವವರು ಬಂದದ್ದರಿಂದ ಅವು ನಮಗೆ ಉಳಿದವು. ನಮ್ಮ ಕೇರಿಗಳಲ್ಲಿ ಯಾರೂ ಬಂದು ಕೇಳದೆ, ಹಾಡಿದವರ ಜೊತೆಗೇ ಮಣ್ಣಾದ ಪದಗಳೆಷ್ಟೋ!

*ಇಂದಿನ ಅಭ್ಯಾಸ:* ಮನೆಯ ಹಿರಿಯರಿಂದ ಒಂದು ಪದ ಹೇಳಿಸಿ ಬರೆದುಕೊಳ್ಳಿ, ಇಲ್ಲವೇ ಫೋನಿನಲ್ಲಿ ರೆಕಾರ್ಡ್ ಮಾಡಿ. ಮಕ್ಕಳು ಬರೆದದ್ದನ್ನು ತಿದ್ದುವ ಮೊದಲು ಪೂರ್ತಿ ಕೇಳಿ. ಬರುವ ಭಾನುವಾರ ಮೊದಲು ಆ ಹುಡುಗನ ಕವಿತೆ, ಆಮೇಲೆ ದೊಡ್ಡಮ್ಮನ ಪದ. ಕೊನೆಗೆ ನನ್ನದೂ ನಾಲ್ಕು ಸಾಲು ಇರುತ್ತದೆ.

ನಮೋ ಬುದ್ಧಾಯ. ಜೈಭೀಮ್.