ಪ್ಲಗ್ ಬಿಚ್ಚುವ ಮೊದಲು

ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ ಎಂದೊಡನೆ ಬಹಳಷ್ಟು ಗ್ಯಾರೇಜುಗಳಲ್ಲಿ ಮೊದಲು ನಡೆಯುವುದು ಎರಡು ಕೆಲಸ: ಬ್ಯಾಟರಿಯ ಟರ್ಮಿನಲ್ ಕಳಚುವುದು, ಪ್ಲಗ್ ಬಿಚ್ಚುವುದು. ಇಗ್ನಿಷನ್ ದೋಷಗಳ ಬೆನ್ನು ಹತ್ತಿ ನಾನು ಕಲಿತದ್ದರಲ್ಲಿ ಮುಖ್ಯವಾದದ್ದೆಂದರೆ, ಈ ಎರಡನ್ನೂ ಆದಷ್ಟು ಮುಂದೂಡಬೇಕು. ಈಚಿನ ಕಾರುಗಳಲ್ಲಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಎಂ, ದೋಷದ ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಎಂಬ ದಾಖಲೆಯನ್ನೂ ಇಟ್ಟುಕೊಳ್ಳುತ್ತದೆ. ದೋಷ ಕಾಣಿಸಿಕೊಂಡಾಗ ಎಂಜಿನ್ ಎಷ್ಟು ಆರ್‌ಪಿಎಂನಲ್ಲಿತ್ತು, ಎಷ್ಟು ಬಿಸಿಯಾಗಿತ್ತು, ಎಷ್ಟು ಲೋಡ್ ಎಳೆಯುತ್ತಿತ್ತು ಎಂಬುದೆಲ್ಲ ಅದರಲ್ಲಿರುತ್ತದೆ. ಅನೇಕ ಮಾದರಿಗಳಲ್ಲಿ ಬ್ಯಾಟರಿ ಕಳಚಿದರೆ ಅದು ಅಳಿಸಿಹೋಗುತ್ತದೆ. ಪ್ಲಗ್ಗುಗಳದೂ ಅದೇ ಕಥೆ. ಕರಿ ಮಸಿ, ಎಣ್ಣೆಯ ಜಿಡ್ಡು, ಬಿಳಿಚಿದ ತುದಿ ಒಂದೊಂದೂ ಒಂದೊಂದು ಸುದ್ದಿ ಹೇಳುತ್ತವೆ. ಆದರೆ ಯಾವುದು ಯಾವ ಸಿಲಿಂಡರಿನದು ಎಂದು ಗುರುತು ಹಾಕದೆ ಟ್ರೇಗೆ ಸುರಿದು ಪೆಟ್ರೋಲಿನಲ್ಲಿ ತೊಳೆದರೆ, ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ ಸಾರಿಸಿದ ಹಾಗೆ.

ಹಾಗಾಗಿ ತಯಾರಿ ಶುರುವಾಗಬೇಕಾದದ್ದು ಓಡಿಸುವವರನ್ನು ಕೇಳುವುದರಿಂದ. ಬೆಳಿಗ್ಗೆ ತಣ್ಣಗಿರುವಾಗಲೋ, ಬಿಸಿಯಾದ ಮೇಲೋ? ಮಳೆಯಲ್ಲೋ, ಘಾಟಿ ಏರುವಾಗಲೋ? ಡಿಸ್ಟ್ರಿಬ್ಯೂಟರ್ ಇದ್ದ ಹಳೆಯ ಗಾಡಿಗಳು ಮಲೆನಾಡಿನ ಮಳೆಗಾಲದಲ್ಲಿ ಹಟ ಹಿಡಿದರೆ ಮೊದಲ ಅನುಮಾನ ಕ್ಯಾಪ್ ಮತ್ತು ಪ್ಲಗ್ ವೈರುಗಳ ಮೇಲೆ ಹೋಗುವುದು ನ್ಯಾಯವೇ. ತೇವ ಕೂತ ಕಡೆ ಕರೆಂಟ್ ಸುಲಭದ ದಾರಿ ಹಿಡಿದು ಸೋರುತ್ತದೆ. ಬಿಸಿಯಾದ ಮೇಲೆ ನಿಂತು, ತಣಿದ ಮೇಲೆ ಮತ್ತೆ ಓಡುವ ಗಾಡಿಯಲ್ಲಿ ಕಾಯಿಲ್ ಅಥವಾ ಕ್ರ್ಯಾಂಕ್ ಸೆನ್ಸರ್ ನೋಡಬೇಕು. ಏರಿನಲ್ಲಿ ಮಾತ್ರ ಮುಗ್ಗರಿಸುವುದಕ್ಕೆ ಇನ್ನೊಂದು ಕಾರಣವಿದೆ. ಬಯಲು ಗಾಳಿಯಲ್ಲಿ 1 ಮಿ.ಮೀ. ಸಂದು ದಾಟಲು ಕಿಡಿಗೆ ಸುಮಾರು 3,000ದಿಂದ 4,000 ವೋಲ್ಟ್ ಸಾಕು. ಸಿಲಿಂಡರಿನೊಳಗೆ ಅದುಮಿಟ್ಟ ಮಿಶ್ರಣದಲ್ಲಿ ಅದೇ ಸಂದಿಗೆ ಇದರ ಹಲವು ಪಟ್ಟು ಬೇಕು. ಆಕ್ಸಿಲರೇಟರ್ ಒತ್ತಿದಷ್ಟೂ ಒತ್ತಡ ಹೆಚ್ಚುತ್ತದೆ, ಬೇಡಿಕೆಯೂ ಏರುತ್ತದೆ. ಪ್ಲಗ್ಗನ್ನು ಎಂಜಿನ್ನಿಗೆ ತಾಗಿಸಿ ‘ಕರೆಂಟ್ ಬರ್ತಿದೆ, ನೋಡಿ’ ಎಂದು ತೋರಿಸುವ ಪರೀಕ್ಷೆ ಇಲ್ಲಿಯೇ ಸೋಲುವುದು. ಕಿಡಿ ಬರದಿದ್ದರೆ ಅದು ಏನನ್ನಾದರೂ ಹೇಳುತ್ತದೆ. ಬಂದರೆ ಹೆಚ್ಚೇನೂ ಹೇಳುವುದಿಲ್ಲ. ಸಂದು ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರ್ ದುಬಾರಿಯೇನಲ್ಲ, ಕೈಗೆ ಶಾಕ್ ಹೊಡೆಯುವುದೂ ತಪ್ಪುತ್ತದೆ.

ಇನ್ನು ಬ್ಯಾಟರಿ. ಪೂರ್ತಿ ಚಾರ್ಜ್ ಆದದ್ದು ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಬೇಕು. ಸೆಲ್ಫ್ ಹೊಡೆಯುವಾಗ 10 ವೋಲ್ಟಿಗಿಂತ ಕೆಳಗಿಳಿದರೆ, ಇಗ್ನಿಷನ್ನನ್ನು ದೂರುವ ಮೊದಲು ಬ್ಯಾಟರಿ, ಟರ್ಮಿನಲ್, ಅರ್ಥ್ ಕೇಬಲ್ ನೋಡಬೇಕು. ಕಾಯಿಲ್‌ನ ಪ್ರೈಮರಿ ಸುತ್ತಿನಲ್ಲಿ ಕರೆಂಟ್ ಒಮ್ಮೆಲೇ ಏರುವುದಿಲ್ಲ. ವೋಲ್ಟೇಜ್ ಕಮ್ಮಿಯಾದಷ್ಟೂ ಅದು ತೆವಳುತ್ತದೆ, ಕಿಡಿ ಸೊರಗುತ್ತದೆ. ಹಳೆಯ ಕೆಲವು ಕಾರುಗಳಲ್ಲಿ ಸೆಲ್ಫ್ ತಿರುಗುವಷ್ಟು ಹೊತ್ತು ಬ್ಯಾಲಸ್ಟ್ ರೆಸಿಸ್ಟರನ್ನು ಬದಿಗಿಟ್ಟು ಕಾಯಿಲ್‌ಗೆ ನೇರ ಕರೆಂಟ್ ಕೊಡುವ ವೈರಿಂಗ್ ಇದ್ದದ್ದು ಇದೇ ಕಾರಣಕ್ಕೆ.

ಸ್ಕ್ಯಾನರ್ ಹಾಕಿದರೆ ಎಲ್ಲ ಹೇಳುತ್ತದಲ್ಲ, ಇಷ್ಟು ಪುರಾಣ ಯಾಕೆ ಎಂಬ ಆಕ್ಷೇಪಣೆ ಇದ್ದೇ ಇದೆ. ಪಿ0302 ಎಂದು ಬಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್ ಆಗಿದೆ ಎಂದಷ್ಟೇ ಅರ್ಥ. ತಪ್ಪು ಪ್ಲಗ್ಗಿನದೋ, ಕಾಯಿಲ್‌ನದೋ, ಇಂಜೆಕ್ಟರಿನದೋ, ಕಂಪ್ರೆಷನ್ನಿನದೋ ಎಂಬುದು ಆ ಕೋಡಿನಲ್ಲಿಲ್ಲ. ಪ್ಲಗ್ಗಿಗೊಂದು ಕಾಯಿಲ್ ಇರುವ ಗಾಡಿಯಾದರೆ ಕೋಡನ್ನು ಬರೆದುಕೊಂಡು ಅಳಿಸಿ, ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ಕಾಯಿಲ್‌ಗಳನ್ನು ಅದಲುಬದಲು ಮಾಡಿ ಓಡಿಸಬೇಕು. ಪಿ0303 ಬಂದರೆ ಕಾಯಿಲ್ ಸಿಕ್ಕಿಬಿತ್ತು. ಮತ್ತೆ ಪಿ0302 ಬಂದರೆ ಹೊಸ ಕಾಯಿಲ್‌ನ ಖರ್ಚು ಉಳಿಯಿತು.

ಗಿರಾಕಿ ಕಾಯುತ್ತಿರುತ್ತಾನೆ, ಪ್ಲಗ್ ಸೆಟ್ ಹಾಕಿ ಕಳಿಸುವುದೇ ಅಗ್ಗ ಎನ್ನುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಅವಧಿ ಮೀರಿದ ಪ್ಲಗ್ಗನ್ನು ಹೇಗೂ ಬದಲಿಸಬೇಕು. ಆದರೆ ಹಳೆಯವನ್ನು ಸಿಲಿಂಡರ್ ನಂಬರ್ ಬರೆದು ಎತ್ತಿಡುವುದಕ್ಕೆ ಒಂದು ಮಾರ್ಕರ್ ಪೆನ್ ಸಾಕು, ಮತ್ತು ಗಾಡಿ ವಾರದೊಳಗೆ ಮತ್ತೆ ಬಂದರೆ ಹುಡುಕಾಟ ಅಲ್ಲಿಂದಲೇ ಮುಂದುವರಿಯುತ್ತದೆ.